ಕಲಬುರಗಿಯಲ್ಲೇ ಕುಳಿತು ಬರೆದು ಬದುಕುವುದು: ಹಿಡಿ ಕಾಳಿನಿಂದ ಖಾತೆ ಪುಸ್ತಕದವರೆಗೆ

ಡಿಸೆಂಬರ್ ಕೊನೆಗೆ ಕಲಬುರಗಿಯ ಧಾನ್ಯ ಮಾರುಕಟ್ಟೆಯಾದ ಗಂಜ್‌ಗೆ ಹೊಸ ತೊಗರಿ ಬರತೊಡಗುತ್ತದೆ. ದಲ್ಲಾಳಿ ವ್ಯಾಪಾರದ ಅಡತಿ ಅಂಗಡಿಗಳ ಮುಂದೆ ರಾಶಿ ಸುರಿದಿರುತ್ತಾರೆ. ಖರೀದಿಗೆ ಬಂದವನು ರೈತನ ಓದು, ಮನೆತನ ಯಾವುದನ್ನೂ ಕೇಳುವುದಿಲ್ಲ. ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿ, ಅಡಿಯಿಂದ ಹಿಡಿ ಕಾಳು ತೆಗೆದು ಅಂಗೈ ಮೇಲೆ ಹರಡಿ ನೋಡುತ್ತಾನೆ. ಒಂದನ್ನು ಹಲ್ಲಿಗೆ ಕೊಡುತ್ತಾನೆ. ಕಟ್ ಎಂದರೆ ಒಣಗಿದೆ, ಮೆತ್ತಗಿದ್ದರೆ ತೇವವಿದೆ. ದರದ ಮಾತು ಆಮೇಲೆ. ನನ್ನ ತಂದೆ ಇಂಥದೊಂದು ಅಂಗಡಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆಯುವ ಮುನೀಮರಾಗಿದ್ದರು. ಬರವಣಿಗೆಯನ್ನೇ ಕಸುಬು ಮಾಡಿಕೊಳ್ಳುತ್ತೇನೆ ಎಂದು ನಾನು ಹೇಳಿದ ದಿನ ಅವರು ಕೇಳಿದ್ದು ಎರಡೇ ಪ್ರಶ್ನೆ: "ತೋರಿಸಲು ಹಿಡಿ ಕಾಳು ಇದೆಯೇನವ್ವಾ? ಉದ್ರಿ ಎಷ್ಟು ದಿನದ್ದು?"

ಹಿಡಿ ಕಾಳು ಎಂದರೆ ಕೆಲಸದ ಮಾದರಿ, ಉದ್ರಿ ಎಂದರೆ ಕೊಟ್ಟ ಮಾಲಿಗೆ ಆಮೇಲೆ ಬರುವ ಹಣ. ಈ ಬರಹದ ಮುಕ್ಕಾಲು ಪಾಲು ಆ ಎರಡು ಪ್ರಶ್ನೆಗಳಿಗೆ ನಾನು ಒಂಬತ್ತು ವರ್ಷಗಳಲ್ಲಿ ಹುಡುಕಿಕೊಂಡ ಉತ್ತರ. ಮೊದಲೇ ಹೇಳಿಬಿಡುತ್ತೇನೆ, ಮೊದಲ ವರ್ಷ ನನಗೆ ತಿಂಗಳಿಗೆ ಸರಾಸರಿ ನಾಲ್ಕು ಸಾವಿರ ರೂಪಾಯಿಯೂ ಬರಲಿಲ್ಲ. ಹಾಗಾಗಿ ಕೈಯಲ್ಲಿರುವ ನೌಕರಿ ಬಿಡುವ ಮಾತನ್ನು ಕೊನೆಗೆ ಇಟ್ಟಿದ್ದೇನೆ.

ಮೊದಲ ಹೆಜ್ಜೆ: ನಿಮ್ಮ ಹೊಲ ಯಾವುದು?

ಹೊಸಬರು ಮೊದಲು ಬರೆಯುವುದು ಸಾಮಾನ್ಯವಾಗಿ ಮೂರು ವಿಷಯ: ಯಶಸ್ಸಿನ ಸೂತ್ರಗಳು, ಆರೋಗ್ಯ ಸಲಹೆ, ಮೊಬೈಲ್ ವಿಮರ್ಶೆ. ಮೂರನ್ನೂ ಈಗಾಗಲೇ ಸಾವಿರಾರು ಜನ ಬರೆದಿದ್ದಾರೆ, ಈಗ ಯಂತ್ರವೂ ಬರೆಯುತ್ತದೆ. ಎಲ್ಲಿಂದ ಬೇಕಾದರೂ ಬರೆಯಬಹುದಾದ ಬರಹಕ್ಕೆ ಎಲ್ಲಿಯೂ ಬೆಲೆ ನಿಲ್ಲುವುದಿಲ್ಲ.

ಕಲಬುರಗಿ, ಬೀದರ್, ಯಾದಗಿರಿ, ನಮ್ಮ ಈ ಮೂರು ಜಿಲ್ಲೆಗಳ ವಿಷಯ ಹಾಗಲ್ಲ. ತೊಗರಿಯ ನೆಟೆ ರೋಗ, ಗೊಡ್ಡು ರೋಗಗಳ ಬಗ್ಗೆ ರೈತನಿಗೆ ತಿಳಿಯುವ ಭಾಷೆಯಲ್ಲಿ ಬರೆಯಬಲ್ಲವರು ಎಷ್ಟು ಜನ? ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆ, ಅಂದರೆ ಈ ನೆಲದ್ದೇ ಎಂಬ ಜಿಐ ಮಾನ್ಯತೆ ಸಿಕ್ಕಿತು. ಆದರೆ ಆ ಮಾತನ್ನು ಪೊಟ್ಟಣದ ಹಿಂದೆ ನಾಲ್ಕು ಸಾಲಿನಲ್ಲಿ ಚೆನ್ನಾಗಿ ಹೇಳಿರುವ ಗಿರಣಿಗಳನ್ನು ಬೆರಳಲ್ಲಿ ಎಣಿಸಬಹುದು. ಬೀದರಿನ ನೌಬಾದ್ ಬಳಿಯ ಸುರಂಗ ಬಾವಿ, ಭೀಮಾ ತೀರದ ಬೌದ್ಧ ನೆಲೆ ಸನ್ನತಿ, ಪಕ್ಕದ ಕನಗನಹಳ್ಳಿಯಲ್ಲಿ ಸಿಕ್ಕ 'ರಾಯೋ ಅಸೋಕೋ' ಎಂಬ ಬರಹವಿರುವ ಅಶೋಕನ ಶಿಲ್ಪ, 1367ರಲ್ಲಿ ಕಟ್ಟಿದ, ಬಯಲು ಅಂಗಳವಿಲ್ಲದೆ ಪೂರ್ತಿ ಚಾವಣಿ ಹೊದ್ದ ಕಲಬುರಗಿ ಕೋಟೆಯ ಜಾಮಾ ಮಸೀದಿ, ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಇದ್ದ ಸುರಪುರದ ಟೇಲರ್ ಮಂಜಿಲ್, ಶಹಾಬಾದಿನ ಕಲ್ಲು... ಇವೆಲ್ಲಕ್ಕೂ ಬೆಳಿಗ್ಗೆ ಬಸ್ ಹತ್ತಿ ಹೋಗಿ ರಾತ್ರಿ ಊಟಕ್ಕೆ ಮನೆಗೆ ಮರಳಬಹುದು. ಬೆಂಗಳೂರಿನ ಬರಹಗಾರನಿಗೆ ಇದೇ ಕೆಲಸಕ್ಕೆ ರೈಲಿನ ಟಿಕೆಟ್ಟು, ವಸತಿ, ಎರಡು ದಿನ ಬೇಕು.

ಇನ್ನೊಂದು ಬಂಡವಾಳವನ್ನು ನಮ್ಮವರು ಬಂಡವಾಳವೆಂದೇ ಭಾವಿಸುವುದಿಲ್ಲ. ಆಳಂದ, ಬಸವಕಲ್ಯಾಣ, ಭಾಲ್ಕಿ, ಔರಾದ್ ಕಡೆಯವರಿಗೆ ಮರಾಠಿ ಬರುತ್ತದೆ. ಸೇಡಂ, ಚಿಂಚೋಳಿ, ಗುರುಮಠಕಲ್ ಕಡೆಯವರಿಗೆ ತೆಲುಗು ಬರುತ್ತದೆ. ದಖನಿ ಉರ್ದು ಮತ್ತು ಹಿಂದಿ ಕಿವಿಗೆ ಬೀಳದ ಓಣಿಯೇ ಇಲ್ಲ. ಮರಾಠಿಯಿಂದ ಕನ್ನಡಕ್ಕೆ, ತೆಲುಗಿನಿಂದ ಕನ್ನಡಕ್ಕೆ ನೇರವಾಗಿ ಅನುವಾದಿಸಬಲ್ಲವರು ಸಂಸ್ಥೆಗಳಿಗೆ ಸುಲಭವಾಗಿ ಸಿಗುವುದಿಲ್ಲ. ನನ್ನ ಮೊದಲ ದೊಡ್ಡ ಕೆಲಸ ಸಿಕ್ಕಿದ್ದು ನನ್ನ ಕನ್ನಡಕ್ಕಲ್ಲ, ಅಜ್ಜಿಯ ಮನೆಯಲ್ಲಿ ಕಲಿತ ಮರಾಠಿಗೆ.

ಈಗ ಕಾಗದ ತೆಗೆದುಕೊಂಡು ನಿಮಗೆ ತಿಳಿದ ಹತ್ತು ವಿಷಯ ಬರೆಯಿರಿ. ಪ್ರತಿಯೊಂದರ ಮುಂದೆ ಮೂರು ಪ್ರಶ್ನೆ ಹಾಕಿ. ಅಲ್ಲಿಗೆ ನಾನು ಒಂದೇ ದಿನದಲ್ಲಿ ಹೋಗಿ ಬರಬಲ್ಲೆನೇ? ಆ ವಿಷಯ ಬಲ್ಲ ಮೂವರಿಗೆ ಫೋನ್ ಮಾಡಬಲ್ಲೆನೇ? ಇದಕ್ಕಾಗಿ ಹಣ ಖರ್ಚು ಮಾಡುವ ಯಾರಾದರೂ ಇದ್ದಾರೆಯೇ? ಮೂರಕ್ಕೂ ಹೌದು ಎಂಬ ಉತ್ತರ ಬಂದ ಎರಡು ವಿಷಯಗಳನ್ನು ಇಟ್ಟುಕೊಂಡು ಉಳಿದವನ್ನು ಸದ್ಯಕ್ಕೆ ಮಡಚಿಡಿ. ಮೂರನೆಯ ಪ್ರಶ್ನೆಯಲ್ಲಿ ಕವಿತೆ ಬಿದ್ದುಹೋಗುತ್ತದೆ. ಬೇಸರ ಬೇಡ, ಕವಿತೆಯನ್ನು ಕವಿತೆಗಾಗಿ ಬರೆಯಿರಿ.

ಎರಡನೆಯ ಹೆಜ್ಜೆ: ಸಲಕರಣೆ

ಹಳೆಯದಾದರೂ ಸರಿ, ಲ್ಯಾಪ್‌ಟಾಪ್ ಬೇಕು. ಮೊಬೈಲಿನಲ್ಲಿ ಬರೆಯಬಹುದು, ಆದರೆ ಹತ್ತು ಪುಟದ ಅನುವಾದವನ್ನು ತಿದ್ದುವುದು ಹಿಂಸೆ. ವಿದ್ಯುತ್ ಹೋದಾಗ ಮೊಬೈಲಿನ ಇಂಟರ್ನೆಟ್‌ನಲ್ಲಿ ಕೆಲಸ ಮುಗಿಸುವಷ್ಟು ಬ್ಯಾಟರಿ ಇರಲಿ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಯಂತ್ರವೂ ಮನುಷ್ಯನೂ ಒಟ್ಟಿಗೆ ಬಿಸಿಯಾಗುತ್ತಾರೆ. ನಾನು ಬೇಸಿಗೆಯಲ್ಲಿ ಬೆಳಗಿನ ಐದರಿಂದ ಹತ್ತರವರೆಗೆ ಮಾತ್ರ ಬರೆಯುತ್ತೇನೆ.

ಟೈಪಿಂಗ್ ವಿಷಯದಲ್ಲಿ ಸೋಮಾರಿತನ ಬೇಡ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕೀಲಿಮಣೆಯನ್ನು ಎರಡು ವಾರ ಕೂತು ಕಲಿತರೆ ಬದುಕಿಡೀ ಉಪಯೋಗಕ್ಕೆ ಬರುತ್ತದೆ. ಹೇಳಿ ಬರೆಸುವ ಧ್ವನಿ ಸೌಲಭ್ಯ ಮೊಬೈಲಿನಲ್ಲಿದೆ, ಮೊದಲ ಕರಡಿಗೆ ಚೆನ್ನಾಗಿಯೂ ಇದೆ. ಆದರೆ ನಮ್ಮ ಕಡೆಯ ಉಚ್ಚಾರಣೆ ಅದಕ್ಕೆ ಅರ್ಥವಾಗುವುದಿಲ್ಲ. ಅದಕ್ಕಾಗಿ ನಾನು ಬೆಂಗಳೂರಿನವರ ಹಾಗೆ ಮಾತನಾಡಲು ಹೋಗಿ ಮನೆಯವರ ನಗೆಗೆ ಗುರಿಯಾಗಿದ್ದೇನೆ.

ಯೂನಿಕೋಡ್‌ನಲ್ಲೇ, ಅಂದರೆ ಯಾವ ಯಂತ್ರದಲ್ಲೂ ಕನ್ನಡವಾಗಿಯೇ ಕಾಣುವ ಅಕ್ಷರ ಸಂಕೇತದಲ್ಲೇ ಬರೆಯಿರಿ. ಹಳೆಯ 'ನುಡಿ' ತಂತ್ರಾಂಶದ ಫಾಂಟಿನ ಕಡತವನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ, ಅಂತರ್ಜಾಲದ ಹುಡುಕಾಟದಲ್ಲೂ ಅದು ಸಿಗುವುದಿಲ್ಲ. ಮುದ್ರಣಾಲಯದವರು ನುಡಿಯಲ್ಲೇ ಕೊಡಿ ಎಂದು ಕೇಳಿದರೆ ಕೊನೆಯಲ್ಲಿ ಪರಿವರ್ತಿಸಿ ಕೊಡಿ, ಆದರೆ ಪರಿವರ್ತನೆಯಾದ ಮೇಲೆ ಒಮ್ಮೆ ಪೂರ್ತಿ ಓದಿ. ಒತ್ತಕ್ಷರ, ಅರ್ಕಾವತ್ತು ಮತ್ತು 'ಆ್ಯ' ಎಡವುವುದು ಆಗಲೇ.

ಮೂರನೆಯ ಹೆಜ್ಜೆ: ಹಿಡಿ ಕಾಳು

ಕೆಲಸ ಕೊಡುವವರು ನಿಮ್ಮ ಪದವಿಯನ್ನು ಕೇಳುವುದು ಅಪರೂಪ. ಮಾದರಿ ಕೇಳುತ್ತಾರೆ. ಮೂರು ಸಾಕು: ಒಂದು ಸ್ಥಳಕ್ಕೆ ಹೋಗಿ ಬಂದು ಬರೆದದ್ದು, ಒಂದು ಕೆಲಸವನ್ನು ಹಂತ ಹಂತವಾಗಿ ವಿವರಿಸಿದ್ದು, ಒಂದು ಅನುವಾದ. ಇವನ್ನು ಬರೆಯಲು ಯಾರ ಅನುಮತಿಯೂ ಬೇಡ, ಯಾರೂ ಹಣ ಕೊಟ್ಟಿರಬೇಕಾಗಿಯೂ ಇಲ್ಲ.

ಮಾದರಿ ಹೇಗಿರಬೇಕು ಎಂಬುದನ್ನು ಉಪದೇಶಿಸುವ ಬದಲು ನನ್ನದೇ ಹಳೆಯ ಪಾಪವೊಂದನ್ನು ತೋರಿಸುತ್ತೇನೆ. ಬಿದರಿ ಕಲೆಯ ಬಗ್ಗೆ ಬರೆದ ಮೊದಲ ಲೇಖನ ನಾನು ಆರಂಭಿಸಿದ್ದು ಹೀಗೆ:

"ಬೀದರ್ ಐತಿಹಾಸಿಕ ನಗರವಾಗಿದ್ದು, ಇಲ್ಲಿನ ಬಿದರಿ ಕಲೆಯು ವಿಶ್ವವಿಖ್ಯಾತವಾಗಿದೆ. ಇದು ನಮ್ಮ ಹೆಮ್ಮೆಯ ಪ್ರತೀಕವಾಗಿದೆ."

ಎರಡು ವಾಕ್ಯ, ಮೂರು 'ಆಗಿ', ಸುದ್ದಿ ಸೊನ್ನೆ. 'ವಿಶ್ವವಿಖ್ಯಾತ' ಎಂದು ಬರೆಯಲು ಬೀದರಿಗೆ ಹೋಗಬೇಕಾಗಿಲ್ಲ. ಆಮೇಲೆ ನಿಜವಾಗಿ ಹೋಗಿ, ಕುಶಲಕರ್ಮಿಯ ಪಕ್ಕ ಅರ್ಧ ದಿನ ಕುಳಿತು ಬಂದು ಬರೆದದ್ದು:

"ಹೂಜಿ ಒಲೆಯ ಮೇಲಿನ ನೀರಿಗೆ ಇಳಿಯುವಾಗ ಬೂದು ಬಣ್ಣದ್ದು. ನೀರಿನಲ್ಲಿರುವುದು ನವಸಾಗರ ಮತ್ತು ಹಳೆಯ ಕೋಟೆಯೊಳಗಿನ ಮಣ್ಣು. ಸ್ವಲ್ಪ ಹೊತ್ತಿನಲ್ಲಿ ಸತು ಮತ್ತು ತಾಮ್ರ ಬೆರೆತ ಲೋಹ ಕಪ್ಪಾಗುತ್ತದೆ. ಅದರೊಳಗೆ ಕೂರಿಸಿದ ಬೆಳ್ಳಿಯ ಎಳೆ ಕಪ್ಪಾಗುವುದಿಲ್ಲ."

ಎರಡನೆಯದರಲ್ಲಿ ಹೊಗಳಿಕೆಯ ಪದ ಒಂದೂ ಇಲ್ಲ. ಈ ಲೇಖನವನ್ನು ನಾನು ಇವತ್ತಿಗೂ ಮಾದರಿಯಾಗಿ ಕಳುಹಿಸುತ್ತೇನೆ. ನಿಮ್ಮ ಕರಡನ್ನು ಮುಂದಿಟ್ಟುಕೊಂಡು ವಿಶ್ವವಿಖ್ಯಾತ, ಅದ್ಭುತ, ಅತ್ಯಂತ, ಪ್ರತೀಕ, ಸಾಕ್ಷಿಯಾಗಿದೆ, ಇಂತಹ ಪದಗಳಿಗೆ ಗೆರೆ ಎಳೆಯಿರಿ. ಆ ಪದ ಕಿತ್ತರೆ ವಾಕ್ಯದಲ್ಲಿ ಏನೂ ಉಳಿಯುವುದಿಲ್ಲ ಎಂದಾದರೆ ವಾಕ್ಯವನ್ನೇ ಕೀಳಿ.

ನಮ್ಮ ಕಡೆಯವರಿಗೆ ಇನ್ನೊಂದು ಅಳುಕು ಇದೆ, 'ನಮ್ಮ ಕನ್ನಡ ಶುದ್ಧವಲ್ಲ' ಎಂಬುದು. ವ್ಯಾಕರಣ ಮುದ್ರಣದ ಕನ್ನಡದ್ದೇ ಇರಲಿ, ಆದರೆ ಹೆಸರುಗಳನ್ನು ಬಿಡಬೇಡಿ. ಅಡತಿ, ಕಣ, ರಾಶಿ, ಚರಗ, ಉದ್ರಿ, ಇವುಗಳ ಜಾಗದಲ್ಲಿ ಪಠ್ಯಪುಸ್ತಕದ ಪದ ತಂದು ಕೂರಿಸಿದರೆ ಬರಹದ ಕಸುವು ಹೋಗುತ್ತದೆ. ಹೊರಗಿನ ಓದುಗರಿಗಾಗಿ ಒಮ್ಮೆ ಬಿಡಿಸಿ ಹೇಳಿದರಾಯಿತು. ಎಳ್ಳಮಾವಾಸ್ಯೆಯ ಅಡುಗೆಯ ಬಗ್ಗೆ ಬರೆದಾಗ 'ಭಜ್ಜಿ' ಎಂದಷ್ಟೇ ಬರೆದಿದ್ದೆ. ಮೈಸೂರಿನ ಓದುಗರೊಬ್ಬರು ಮೆಣಸಿನಕಾಯಿಯನ್ನು ಯಾವ ಹಿಟ್ಟಿನಲ್ಲಿ ಅದ್ದಬೇಕು ಎಂದು ಕೇಳಿದರು! ಮರುದಿನವೇ ಒಂದು ಸಾಲು ಸೇರಿಸಿದೆ: 'ನಮ್ಮಲ್ಲಿ ಭಜ್ಜಿ ಎಂದರೆ ಸೊಪ್ಪು, ಕಾಳು, ತರಕಾರಿಗಳನ್ನು ಒಟ್ಟಿಗೆ ಬೇಯಿಸಿದ ಪಲ್ಯ, ಕರಿದದ್ದಲ್ಲ.'

ಅಭ್ಯಾಸಕ್ಕೆ ಕನ್ನಡ ವಿಕಿಪೀಡಿಯಕ್ಕಿಂತ ಒಳ್ಳೆಯ ಗರಡಿ ನನಗೆ ಗೊತ್ತಿಲ್ಲ. ನಿಮ್ಮ ತಾಲ್ಲೂಕಿನ ಊರೊಂದರ ಪುಟ ತೆರೆದು, ಆಧಾರವಿಲ್ಲದ ಮಾತು ತೆಗೆದು, ಆಧಾರವಿರುವುದನ್ನು ಸೇರಿಸಿ. ಹಣ ಬರುವುದಿಲ್ಲ. ಆದರೆ 'ಇದನ್ನು ಯಾರು ಹೇಳಿದರು?' ಎಂದು ಪ್ರತಿ ಸಾಲಿಗೂ ಕೇಳಿಕೊಳ್ಳುವ ಅಭ್ಯಾಸ ಬರುತ್ತದೆ.

ನಾಲ್ಕನೆಯ ಹೆಜ್ಜೆ: ಬ್ಲಾಗ್ ಎಂಬ ಅಂಗಡಿ

ಬ್ಲಾಗಿನಿಂದಲೇ ಬದುಕುತ್ತೇನೆ ಎಂದು ಹೊರಡಬೇಡಿ. ಬ್ಲಾಗ್ ನಿಮ್ಮ ಅಂಗಡಿಯ ಮುಂಭಾಗ, ವ್ಯಾಪಾರ ನಡೆಯುವುದು ಒಳಗೆ. ನನ್ನ ಆದಾಯದಲ್ಲಿ ಬ್ಲಾಗಿನ ಜಾಹೀರಾತಿನಿಂದ ಬರುವುದು ಹತ್ತರಲ್ಲಿ ಒಂದು ಪಾಲೂ ಇಲ್ಲ. ಆದರೆ ಕೆಲಸ ಕೊಟ್ಟವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನನ್ನನ್ನು ಮೊದಲು ಕಂಡದ್ದು ಬ್ಲಾಗಿನಲ್ಲೇ.

ಬ್ಲಾಗರ್‌ನಲ್ಲಿ ಉಚಿತವಾಗಿ ಆರಂಭಿಸಬಹುದು, ವರ್ಡ್‌ಪ್ರೆಸ್‌ನಲ್ಲೂ ಆಗುತ್ತದೆ. ಯಾವುದಾದರೂ ಸರಿ, ಆರು ತಿಂಗಳೊಳಗೆ ಸ್ವಂತ ಹೆಸರಿನ ಡೊಮೈನ್ ಕೊಂಡುಕೊಳ್ಳಿ. ಮುಂದೆ ಬೇರೆ ಕಡೆಗೆ ಹೋದರೂ ವಿಳಾಸ ನಿಮ್ಮದಾಗಿಯೇ ಉಳಿಯುತ್ತದೆ.

ಆರಂಭದಲ್ಲಿ ಯಾರೂ ಹೇಳದ ಸಣ್ಣ ತೊಡಕೊಂದಿದೆ. ಕನ್ನಡದ ಶೀರ್ಷಿಕೆ ಕೊಟ್ಟರೆ ಬ್ಲಾಗರ್ ಅದನ್ನು ವಿಳಾಸದಲ್ಲಿ ಕೈಬಿಟ್ಟು, 'ಬ್ಲಾಗ್ ಪೋಸ್ಟ್' ಎಂಬುದಕ್ಕೆ ಅಂಕಿ ಅಂಟಿಸಿದ ಬರಿ ಕೊಂಡಿ ಕೊಡುತ್ತದೆ. ವರ್ಡ್‌ಪ್ರೆಸ್ ಕನ್ನಡವನ್ನು ಉಳಿಸುತ್ತದೆ, ಆದರೆ ವಾಟ್ಸ್‌ಆ್ಯಪ್‌ಗೆ ನಕಲಿಸಿದಾಗ ಅದು ಶೇಕಡಾ ಚಿಹ್ನೆಗಳ ಮಾರುದ್ದದ ಸರಪಳಿಯಾಗುತ್ತದೆ. ಅದನ್ನು ನೋಡಿದ ಹಿರಿಯರು ಯಾವುದೋ ಮೋಸದ ಕೊಂಡಿ ಎಂದು ಅಳಿಸಿಬಿಡುತ್ತಾರೆ. ಪ್ರಕಟಿಸುವ ಮೊದಲೇ ವಿಳಾಸದ ಜಾಗದಲ್ಲಿ ಇಂಗ್ಲಿಷ್ ಲಿಪಿಯಲ್ಲಿ ಮೂರ್ನಾಲ್ಕು ಪದ ಬರೆಯಿರಿ.

ಜನ ಹುಡುಕುವ ರೀತಿಯೂ ವಿಚಿತ್ರ. ನಗರದ ಹೆಸರು 2014ರ ನವೆಂಬರ್ 1ರಿಂದ ಅಧಿಕೃತವಾಗಿ ಕಲಬುರಗಿ. ಆದರೆ ಹುಡುಕುವವರು ಕಲಬುರ್ಗಿ, ಗುಲ್ಬರ್ಗಾ, ಗುಲಬರ್ಗಾ ಎಂದೆಲ್ಲ ಬರೆಯುತ್ತಾರೆ. ಹಲವರು ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಹುಡುಕುತ್ತಾರೆ. ಶೀರ್ಷಿಕೆಯಲ್ಲಿ ಸರಿಯಾದ ಹೆಸರಿರಲಿ, ಮೊದಲ ಪ್ಯಾರಾದಲ್ಲಿ ಹಳೆಯ ಹೆಸರು ಸಹಜವಾಗಿ ಒಮ್ಮೆ ಬಂದುಹೋಗಲಿ. ಗೂಗಲ್ ಸರ್ಚ್ ಕನ್ಸೋಲ್ ಉಚಿತ. ಯಾವ ಪದ ಹುಡುಕಿ ಜನ ನಿಮ್ಮಲ್ಲಿಗೆ ಬಂದರು ಎಂಬುದನ್ನು ಅದು ತೋರಿಸುತ್ತದೆ. ತಿಂಗಳಿಗೊಮ್ಮೆ ನೋಡಿದರೆ ಸಾಕು, ದಿನವೂ ನೋಡಿದರೆ ಮನಸ್ಸು ಕೆಡುತ್ತದೆ.

ವರ್ಷದ ಲೆಕ್ಕ ಹಾಕಿಕೊಳ್ಳಿ. ಎಳ್ಳಮಾವಾಸ್ಯೆ ಡಿಸೆಂಬರ್ ಇಲ್ಲವೇ ಜನವರಿಯಲ್ಲಿ ಬರುತ್ತದೆ. ಅದರ ಬರಹ ಹಬ್ಬದ ದಿನ ಹಾಕಿದರೆ ಎಲ್ಲರೂ ಹೊಲದಲ್ಲಿ ಊಟಕ್ಕೆ ಕುಳಿತಿರುತ್ತಾರೆ, ಓದುವವರು ಯಾರು? ಮೂರು ವಾರ ಮೊದಲೇ ಹಾಕಬೇಕು. ಶರಣಬಸವೇಶ್ವರ ಜಾತ್ರೆ, ಬಂದೇನವಾಜ್ ದರ್ಗಾದ ಉರುಸ್, ತೊಗರಿ ಬಿತ್ತನೆ, ಪಿಯು ಪ್ರವೇಶ, ಇವೆಲ್ಲಕ್ಕೂ ಹೀಗೆಯೇ. ವರ್ಷ ವರ್ಷವೂ ಮರಳಿ ಬರುವ ವಿಷಯಗಳ ಮೇಲೆ ಹನ್ನೆರಡು ಬರಹಗಳಿದ್ದರೆ ಪ್ರತಿ ವರ್ಷ ಅವನ್ನು ತಿದ್ದಿ ಹೊಸದಾಗಿಸಬಹುದು. ವಾರಕ್ಕೆ ಐದು ಬರಹ ಹಾಕಿ ಮೂರನೆಯ ತಿಂಗಳಲ್ಲಿ ಸುಸ್ತಾಗುವುದಕ್ಕಿಂತ ತಿಂಗಳಿಗೆ ಎರಡು ಸಾಕು.

ಚಿತ್ರಗಳನ್ನು ನೀವೇ ತೆಗೆಯಿರಿ, ಕಿರಿದು ಮಾಡಿ ಹಾಕಿ. ಬೇರೆಯವರ ಚಿತ್ರ ಬೇಕಾದರೆ ವಿಕಿಮೀಡಿಯ ಕಾಮನ್ಸ್‌ನಲ್ಲಿ ಹುಡುಕಿ, ಅಲ್ಲಿ ಹೇಳಿದ ಪರವಾನಗಿಯಂತೆ ತೆಗೆದವರ ಹೆಸರು ಹಾಕಿ.

ಆ್ಯಡ್‌ಸೆನ್ಸ್, ಅಂದರೆ ಬ್ಲಾಗಿಗೆ ಜಾಹೀರಾತು ತರುವ ಗೂಗಲ್ ಸೇವೆಯ ಬಗ್ಗೆ ಎರಡು ಮಾತು. ಗಳಿಕೆ ಹತ್ತು ಡಾಲರ್ ಮುಟ್ಟಿದಾಗ ವಿಳಾಸ ಖಚಿತಪಡಿಸಲು ಅಂಚೆಯಲ್ಲಿ ಪಿನ್ ಬರುತ್ತದೆ, ನೂರು ಡಾಲರ್ ಮುಟ್ಟಿದ ಮೇಲಷ್ಟೇ ಹಣ ಖಾತೆಗೆ ಬರುತ್ತದೆ. ನನಗೆ ಆ ನೂರು ಮುಟ್ಟಲು ಹತ್ತೊಂಬತ್ತು ತಿಂಗಳು ಹಿಡಿಯಿತು. ಅಂಗಡಿಯವರೊಬ್ಬರು ಹಣ ಕೊಟ್ಟು ಬರೆಸಿದ ಬರಹವಾದರೆ ಮೇಲೆಯೇ 'ಪ್ರಾಯೋಜಿತ' ಎಂದು ಹಾಕಿ. ನಮ್ಮದು ದೊಡ್ಡ ಊರಲ್ಲ, ಮುಚ್ಚಿಟ್ಟದ್ದು ಸೂಪರ್ ಮಾರ್ಕೆಟ್ ಎಂಬ ನಮ್ಮ ಪೇಟೆ ದಾಟುವುದರೊಳಗೆ ತಿಳಿದುಹೋಗುತ್ತದೆ.

ಐದನೆಯ ಹೆಜ್ಜೆ: ಕೆಲಸ ಕೇಳುವುದು

ಪತ್ರಿಕೆಗಳಿಂದ ಆರಂಭಿಸಿ, ಆದರೆ ಅವನ್ನೇ ನಂಬಿ ಕೂರಬೇಡಿ. ಪುರವಣಿಗಳಲ್ಲಿ ಹೆಸರು ಬರುತ್ತದೆ, ಗೌರವಧನ ನಿಧಾನಕ್ಕೆ ಬರುತ್ತದೆ. ಕಲಬುರಗಿ ಆಕಾಶವಾಣಿಯಂಥ ಕಡೆ ಭಾಷಣ, ರೂಪಕ ಬರೆದರೆ ಕಿವಿಗೆ ಬರೆಯುವ ಶಿಸ್ತು ಕಲಿಯಬಹುದು. ಮುಂದೆ ವಿಡಿಯೊ, ಆಡಿಯೊ ಕಥನಗಳಿಗೆ ಬರೆಯುವಾಗ ಅದು ಕೈಹಿಡಿಯುತ್ತದೆ.

ಹೊಟ್ಟೆ ತುಂಬಿಸುವ ಕೆಲಸ ಬೇರೆ ಕಡೆ ಇದೆ. ಬೇಳೆ ಗಿರಣಿಗಳ ಪೊಟ್ಟಣದ ಬರಹ, ಬೀಜ ಮತ್ತು ಗೊಬ್ಬರ ಕಂಪನಿಗಳ ಕರಪತ್ರ, ಆಸ್ಪತ್ರೆಗಳ ರೋಗಿ ಮಾಹಿತಿ ಪುಸ್ತಿಕೆ, ಕೋಚಿಂಗ್ ಕೇಂದ್ರಗಳ ಜಾಲತಾಣ, ಸ್ವಯಂಸೇವಾ ಸಂಸ್ಥೆಗಳ ವರದಿ, ಆ್ಯಪ್‌ಗಳ ಕನ್ನಡೀಕರಣ. ಇನ್ನು ಸ್ಮರಣ ಸಂಚಿಕೆ, ಅಭಿನಂದನ ಗ್ರಂಥ! ನಮ್ಮ ಜಿಲ್ಲೆಗಳಲ್ಲಿ ಮಠ, ಶಾಲೆ, ಸಹಕಾರ ಸಂಘ ಯಾವುದಕ್ಕೂ ಬೆಳ್ಳಿಹಬ್ಬ ತಪ್ಪುವುದಿಲ್ಲ, ಬೆಳ್ಳಿಹಬ್ಬಕ್ಕೆ ಪುಸ್ತಕ ತಪ್ಪುವುದಿಲ್ಲ. ಐವತ್ತು ಜನರ ಲೇಖನಗಳನ್ನು ಓದುವಂತೆ ತಿದ್ದಿಕೊಡಬಲ್ಲವರು ಮಾತ್ರ ಕಡಿಮೆ. ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ. ಆದರೂ ಒಂದು ವರ್ಷ ನನ್ನ ಮನೆಯ ಬಾಡಿಗೆ ಇಂಥ ಕೆಲಸದಿಂದಲೇ ಹೋಯಿತು.

ಕೆಲಸ ಕೇಳುವ ಪತ್ರ ಚಿಕ್ಕದಿರಲಿ. ಗಿರಣಿಯೊಂದಕ್ಕೆ ನಾನು ಬರೆದದ್ದು:

"ಮಾನ್ಯರೇ, ನಿಮ್ಮ ಒಂದು ಕಿಲೊ ಪೊಟ್ಟಣವನ್ನು ನಮ್ಮ ಮನೆಯಲ್ಲಿ ಬಳಸುತ್ತೇವೆ. ಹಿಂಬದಿಯ ಕನ್ನಡದಲ್ಲಿ ನಾಲ್ಕು ತಪ್ಪುಗಳಿವೆ, ಗುರುತು ಹಾಕಿದ ಚಿತ್ರ ಜೊತೆಗಿದೆ. ಅದೇ ಜಾಗಕ್ಕೆ ಹೊಂದುವ ಹೊಸ ಬರಹವನ್ನೂ ಬರೆದು ಕಳುಹಿಸಿದ್ದೇನೆ. ಇಷ್ಟವಾದರೆ ಮಾತನಾಡೋಣ. ಬೆಳಿಗ್ಗೆ ಹನ್ನೊಂದರ ನಂತರ ಫೋನಿಗೆ ಸಿಗುತ್ತೇನೆ."

ಅವರು ಎಂಟು ದಿನ ಉತ್ತರಿಸಲಿಲ್ಲ. ಒಂಬತ್ತನೆಯ ದಿನ ನಾನೇ ಗಿರಣಿಗೆ ಹೋದೆ. ನಮ್ಮ ಊರಿನ ವ್ಯಾಪಾರ ಮಿಂಚಂಚೆಯಲ್ಲಿ ಮುಗಿಯುವಂಥದ್ದಲ್ಲ, ಎದುರು ಕೂತು ಚಹಾ ಕುಡಿಯದೆ ಯಾರೂ ದರ ಹೇಳುವುದಿಲ್ಲ. ವಾರಕ್ಕೆ ಐದು ಪತ್ರ, ಎರಡು ಭೇಟಿ ಎಂದು ಇಟ್ಟುಕೊಳ್ಳಿ. ಯಾರಿಗೆ, ಯಾವ ದಿನ, ಏನು ಉತ್ತರ ಎಂದು ಪುಸ್ತಕದಲ್ಲಿ ಬರೆದಿಡಿ.

ಆರನೆಯ ಹೆಜ್ಜೆ: ದರ

'ಪದಕ್ಕೆ ಎಷ್ಟು?' ಎಂದು ಕೇಳುವ ಮೊದಲು 'ಗಂಟೆಗೆ ಎಷ್ಟು?' ಎಂದು ನಿಮ್ಮನ್ನೇ ಕೇಳಿಕೊಳ್ಳಿ. ತಿಂಗಳಿಗೆ 24,000 ರೂಪಾಯಿ ಬೇಕು ಎನ್ನೋಣ. 24 ದಿನ, ದಿನಕ್ಕೆ ಐದು ಗಂಟೆ ಎಂದರೆ 120 ಗಂಟೆ. ಅದರಲ್ಲಿ ಅರ್ಧ ಕೆಲಸ ಹುಡುಕಲು, ಓದಲು, ಬಿಲ್ ಬೆನ್ನುಹತ್ತಲು ಹೋಗುತ್ತದೆ. ಉಳಿದ 60 ಗಂಟೆಗೆ ಹಣ ಬರಬೇಕು, ಅಂದರೆ ಗಂಟೆಗೆ 400 ರೂಪಾಯಿ. ಸಾವಿರ ಪದದ ಲೇಖನಕ್ಕೆ ಓಡಾಟ, ಬರವಣಿಗೆ, ತಿದ್ದುಪಡಿ ಸೇರಿ ಐದು ಗಂಟೆ ಹಿಡಿದರೆ ಅದರ ಬೆಲೆ 2,000. ಪದಕ್ಕೆ ಎರಡು ರೂಪಾಯಿ. ಯಾರಾದರೂ 40 ಪೈಸೆ ಎಂದಾಗ ನೀವು ಎಷ್ಟು ಕಳೆದುಕೊಳ್ಳುತ್ತೀರಿ ಎಂಬುದು ಈಗ ಕಾಣುತ್ತದೆ. ಮೊದಲ ವರ್ಷ ಕಡಿಮೆಗೆ ಒಪ್ಪಬೇಕಾಗಬಹುದು. ಒಪ್ಪಿ, ಆದರೆ ಲೆಕ್ಕ ತಿಳಿದು ಒಪ್ಪಿ.

ಅನುವಾದದಲ್ಲಿ ಇನ್ನೊಂದು ಗುಂಡಿ ಇದೆ. ಕನ್ನಡ ಪ್ರತ್ಯಯಗಳನ್ನು ಹೆಣೆದುಕೊಂಡು ಹೋಗುವ ಭಾಷೆ. 'ಮನೆಯಲ್ಲಿದ್ದವರಿಗೆಲ್ಲ' ಎಂಬುದು ಕನ್ನಡದಲ್ಲಿ ಒಂದು ಪದ, ಇದನ್ನೇ ಇಂಗ್ಲಿಷಿನಲ್ಲಿ ಹೇಳಲು ಎಂಟು ಪದ ಬೇಕು. ಇಂಗ್ಲಿಷಿನಿಂದ ಕನ್ನಡಕ್ಕೆ ತಂದಾಗ ಪದಗಳ ಸಂಖ್ಯೆ ಇಳಿಯುತ್ತದೆ, ಶ್ರಮ ಇಳಿಯುವುದಿಲ್ಲ. ಚೆನ್ನಾಗಿ ಅನುವಾದಿಸಿದಷ್ಟೂ ಪದ ಕಡಿಮೆಯಾಗಿ, ನಿಮ್ಮ ಜಾಣತನಕ್ಕೆ ನೀವೇ ದಂಡ ಕಟ್ಟಿದಂತಾಗುತ್ತದೆ. ಆದ್ದರಿಂದ ಎಣಿಕೆ ಯಾವಾಗಲೂ ಮೂಲ ಇಂಗ್ಲಿಷ್ ಪಠ್ಯದ ಪದಗಳ ಮೇಲೆ ಎಂದು ಮೊದಲೇ ಬರೆಸಿಕೊಳ್ಳಿ. ಕನ್ನಡದಿಂದ ಇಂಗ್ಲಿಷಿಗಾದರೆ ಅನುವಾದದ ಪದಗಳನ್ನು ಎಣಿಸಿ. ನಾನು ಇದನ್ನು ತಿಳಿಯಲು ಎರಡು ವರ್ಷ ತೆಗೆದುಕೊಂಡೆ. ತಂದೆ ಮಾತ್ರ ಕೇಳಿದ ತಕ್ಷಣ, "ಹಸಿ ತೊಗರಿ ಕೊಂಡು ಒಣಗಿಸಿ ತೂಗಿ ಕೊಟ್ಟರೆ ನಷ್ಟ ಯಾರಿಗೆ?" ಎಂದು ನಕ್ಕರು.

ಈಗ ಹಲವರು ಯಂತ್ರಾನುವಾದ ಕೊಟ್ಟು 'ಸ್ವಲ್ಪ ನೋಡಿಕೊಡಿ' ಎಂದು ಕಾಲು ದರ ಹೇಳುತ್ತಾರೆ. ಅಂಥ ಕೆಲಸಕ್ಕೆ ಪದದ ದರ ಬೇಡ, ಗಂಟೆಯ ದರ ಹೇಳಿ. ಮೊದಲ ಎರಡು ಪುಟ ತಿದ್ದಿ ನೋಡಿದರೆ ಎಷ್ಟು ಹೊತ್ತು ಬೇಕು ಎಂದು ತಿಳಿಯುತ್ತದೆ.

ತಪ್ಪಿನ ಬೆಲೆಯೂ ದರದೊಳಗೆ ಸೇರಿರಬೇಕು. ಒಮ್ಮೆ ಔಷಧ ಸಿಂಪಡಣೆಯ ಕರಪತ್ರ ಅನುವಾದಿಸುವಾಗ ಮೂಲದಲ್ಲಿ ಹೆಕ್ಟೇರಿಗೆ ಎಂದಿದ್ದ ಪ್ರಮಾಣವನ್ನು ನಾನು ಎಕರೆಗೆ ಎಂದು ಬರೆದಿದ್ದೆ. ರಾತ್ರಿ ಕರಡು ನೋಡುತ್ತಿದ್ದ ತಂದೆ ಕನ್ನಡಕ ತೆಗೆದು, "ಒಂದು ಎಕರೆಗೆ ಇಷ್ಟು ಎಣ್ಣೆ ಹೊಡೆದರೆ ಬೆಳೆ ಉಳಿಯುತ್ತದೆಯೇನವ್ವಾ?" ಎಂದರು. ಒಂದು ಹೆಕ್ಟೇರ್ ಎಂದರೆ ಸುಮಾರು ಎರಡೂವರೆ ಎಕರೆ. ಅಚ್ಚಿಗೆ ಹೋಗಿದ್ದರೆ ರೈತರು ಎರಡೂವರೆ ಪಟ್ಟು ಹೊಡೆಯುತ್ತಿದ್ದರು. ಅಂದಿನಿಂದ ಅಂಕಿಗಳಿರುವ ಬರಹವನ್ನು ಎರಡು ಸಲ ಓದುತ್ತೇನೆ, ಎರಡನೆಯ ಸಲ ಅಂಕಿ ಮತ್ತು ಅಳತೆಗಳನ್ನು ಮಾತ್ರ. ಅಂದಹಾಗೆ, ಆ ಕರಪತ್ರದಲ್ಲಿ 'ಕೀಟನಾಶಕ ಸಿಂಪಡಿಸಿ' ಎಂಬುದರ ಪಕ್ಕದಲ್ಲಿ 'ಎಣ್ಣೆ ಹೊಡೆಯುವಾಗ' ಎಂಬ ಮಾತು ಸೇರಿಕೊಂಡದ್ದೂ ಅವರಿಂದಲೇ.

ಏಳನೆಯ ಹೆಜ್ಜೆ: ಉದ್ರಿ ಪುಸ್ತಕ

ನನ್ನ ಎರಡನೆಯ ವರ್ಷದಲ್ಲಿ ಸಂಸ್ಥೆಯೊಂದಕ್ಕೆ ನಲವತ್ತು ಪುಟ ಅನುವಾದಿಸಿ ಕೊಟ್ಟೆ. ಮಾತು ಎಲ್ಲ ಫೋನಿನಲ್ಲಿ. ಬಿಲ್ ಕಳುಹಿಸಿದ ಮೇಲೆ ಮಾತನಾಡಿದವರು ಕೆಲಸ ಬಿಟ್ಟಿದ್ದರು, ಅವರ ಜಾಗಕ್ಕೆ ಬಂದವರಿಗೆ ಏನೂ ಗೊತ್ತಿರಲಿಲ್ಲ. ಆ ಹಣ ಇನ್ನೂ ಬರಬೇಕಾಗಿದೆ.

ಈಗ ನಾನು ಕೆಲಸ ಆರಂಭಿಸುವ ಮೊದಲು ಒಂದು ಮಿಂಚಂಚೆ ಕಳುಹಿಸುತ್ತೇನೆ. ಅದರಲ್ಲಿ ಆರು ಸಂಗತಿ: ಏನು ಕೆಲಸ, ಎಷ್ಟು ಪದ, ಯಾವ ದಿನಕ್ಕೆ, ಎಷ್ಟು ಹಣ, ಎಷ್ಟು ಸಲ ತಿದ್ದಿಕೊಡುತ್ತೇನೆ, ಹಣ ಯಾವಾಗ. 'ಒಪ್ಪಿಗೆ' ಎಂಬ ಒಂದು ಪದದ ಉತ್ತರ ಬಂದ ಮೇಲೆ ಕೆಲಸ. ಹೊಸ ಗ್ರಾಹಕರಿಂದ ಅರ್ಧ ಮುಂಗಡ. ಮುಂಗಡ ಕೇಳಿದ್ದಕ್ಕೆ ಬೇಸರಪಟ್ಟುಕೊಂಡು ಹೋದವರಿದ್ದಾರೆ. ಹೋಗಲಿ.

ಕೇಂದ್ರ ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ಕಿರು ಉದ್ಯಮವಾಗಿ ನೋಂದಾಯಿಸಿಕೊಳ್ಳಿ. ಆಧಾರ್ ಮತ್ತು ಪ್ಯಾನ್ ಸಾಕು, ಶುಲ್ಕವಿಲ್ಲ. ಮಧ್ಯವರ್ತಿಗಳಿಗೆ ದುಡ್ಡು ಕೊಡಬೇಡಿ. 2006ರ ಸಣ್ಣ ಉದ್ಯಮಗಳ ಕಾಯ್ದೆಯ ಪ್ರಕಾರ ಇಂಥವರಿಗೆ ಕೊಡಬೇಕಾದ ಹಣವನ್ನು ಲಿಖಿತ ಒಪ್ಪಂದವಿದ್ದರೂ 45 ದಿನ ಮೀರಿ ಎಳೆಯುವಂತಿಲ್ಲ, ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಡವಾದರೆ ಚಕ್ರಬಡ್ಡಿ. ಬಿಲ್ಲಿನ ಕೆಳಗೆ ಉದ್ಯಮ್ ಸಂಖ್ಯೆ ಹಾಕಿದ ಮೇಲೆ ದೊಡ್ಡ ಕಂಪನಿಗಳ ಲೆಕ್ಕವಿಭಾಗ ನನ್ನ ಬಿಲ್ಲನ್ನು ಬೇಗ ತೆರೆಯತೊಡಗಿತು.

ಹಕ್ಕಿನ ಮಾತು. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ನೌಕರರಲ್ಲದೆ ಸ್ವತಂತ್ರವಾಗಿ ಬರೆದ ಲೇಖನದ ಮೊದಲ ಹಕ್ಕುದಾರರು ಬರೆದವರೇ. ಹಕ್ಕನ್ನು ವರ್ಗಾಯಿಸಲು ನಿಮ್ಮ ಸಹಿಯಿರುವ ಬರಹ ಬೇಕು. ಅದರಲ್ಲಿ ಅವಧಿ ಹೇಳದಿದ್ದರೆ ಐದು ವರ್ಷ ಎಂದೂ, ಪ್ರದೇಶ ಹೇಳದಿದ್ದರೆ ಭಾರತ ಮಾತ್ರ ಎಂದೂ ಅರ್ಥ. 'ಎಲ್ಲ ಮಾಧ್ಯಮಗಳಲ್ಲಿ, ಶಾಶ್ವತವಾಗಿ' ಎಂಬ ಸಾಲು ಕಂಡರೆ ನಿಂತು ಓದಿ. ಪೊಟ್ಟಣದ ಬರಹಕ್ಕೆ ಹಾಗೆ ಕೊಟ್ಟರೆ ನಷ್ಟವಿಲ್ಲ, ಕಥೆಗೆ ಕೊಡಬೇಡಿ.

ತೆರಿಗೆಯ ವಿಷಯದಲ್ಲಿ ಹೆದರುವಂಥದ್ದೇನಿಲ್ಲ. ಕಂಪನಿಯೊಂದು ವೃತ್ತಿಪರ ಶುಲ್ಕವಾಗಿ ವರ್ಷಕ್ಕೆ 50,000 ರೂಪಾಯಿಗಿಂತ ಹೆಚ್ಚು ಕೊಟ್ಟರೆ ಶೇ 10ರಷ್ಟು ತೆರಿಗೆ ಮುರಿದುಕೊಂಡು ಕೊಡುತ್ತದೆ. 2025ರ ಏಪ್ರಿಲ್‌ಗೆ ಮೊದಲು ಈ ಮಿತಿ 30,000 ಇತ್ತು. ಪ್ಯಾನ್ ಕೊಡದಿದ್ದರೆ ಶೇ 20. ಆದಾಯ ತೆರಿಗೆಯ ಮಿತಿಯೊಳಗೆ ಇದ್ದರೆ ರಿಟರ್ನ್ ಸಲ್ಲಿಸಿ ಈ ಹಣವನ್ನು ಮರಳಿ ಪಡೆಯಬಹುದು. ಸಲ್ಲಿಸದೆ ಬಿಟ್ಟವರು ಬಹಳ ಜನ. ಜಿಎಸ್‌ಟಿ ನೋಂದಣಿ ಬೇಕಾಗುವುದು ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದಾಗ. ಆ ದಿನ ಬಂದರೆ ಒಳ್ಳೆಯ ಲೆಕ್ಕಪರಿಶೋಧಕರನ್ನು ಇಟ್ಟುಕೊಳ್ಳುವಷ್ಟು ನಿಮ್ಮಲ್ಲಿರುತ್ತದೆ.

ನೌಕರಿ ಬಿಡುವುದು ಯಾವಾಗ?

ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿದ್ದು, ಹಿಂದಿನ ಆರು ತಿಂಗಳು ಬರವಣಿಗೆಯಿಂದ ಸಂಬಳದ ಅರ್ಧವಾದರೂ ಬಂದಿದ್ದು, ಅದೂ ಕನಿಷ್ಠ ಮೂರು ಬೇರೆ ಬೇರೆ ಗ್ರಾಹಕರಿಂದ ಬಂದಿದ್ದರೆ. ಒಬ್ಬರೇ ಗ್ರಾಹಕರಿಂದ ಎಲ್ಲವೂ ಬರುತ್ತಿದ್ದರೆ ಅದು ರಜೆಯೂ ಭವಿಷ್ಯನಿಧಿಯೂ ಇಲ್ಲದ ಇನ್ನೊಂದು ನೌಕರಿ. ನಾನು ಬಿಟ್ಟದ್ದು ಮೂರನೆಯ ವರ್ಷದ ಮಾರ್ಚ್‌ನಲ್ಲಿ.

ಬಿಟ್ಟ ಮೇಲೆ ಪ್ರತಿ ಏಪ್ರಿಲ್ ಮೊದಲ ವಾರ ಹಳೆಯ ಗ್ರಾಹಕರಿಗೆಲ್ಲ ಎರಡು ಸಾಲು ಬರೆಯುತ್ತೇನೆ: "ಈ ತಿಂಗಳಿನಿಂದ ನನ್ನ ದರ ಇಷ್ಟು. ಈಗಾಗಲೇ ಒಪ್ಪಿಕೊಂಡ ಕೆಲಸಗಳು ಹಳೆಯ ದರದಲ್ಲೇ ಮುಗಿಯುತ್ತವೆ." ಮೊದಲ ಸಲ ಕಳುಹಿಸುವಾಗ ಗುಂಡಿ ಒತ್ತಲು ಬೆರಳು ಬರಲಿಲ್ಲ. ಪಕ್ಕದಲ್ಲಿ ಕುಳಿತು ಹಳೆಯ ಖಾತೆ ಪುಸ್ತಕ ತಿರುವುತ್ತಿದ್ದ ತಂದೆ ತಲೆ ಎತ್ತದೆ ಕೇಳಿದರು, "ಯಾರಾದರೂ ಬೇಡ ಎಂದರೇನವ್ವಾ?" ಇಬ್ಬರು ಬೇಡ ಎಂದರು. ಹನ್ನೊಂದು ಜನ ಉಳಿದರು.